ಕಿಟ್ಟ ಕಟ್ಟುವ ಬೂದಿ

ಬಂಟ್ವಾಳ, ಬೆಳ್ತಂಗಡಿ ಕಡೆಯ ತೋಟದ ಮನೆಗಳಲ್ಲಿ ಬಚ್ಚಲೊಲೆಗೆ ಇಂಥದ್ದೇ ಸೌದೆ ಎಂದಿಲ್ಲ. ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಮಡಲು, ಗೆರಟೆ ಎಲ್ಲವೂ ನಡೆಯುತ್ತದೆ. ಹಂಡೆಯ ನೀರು ಕಾಯುವುದು ಒಂದೇ ರೀತಿ, ಉಳಿಯುವ ಬೂದಿ ಮಾತ್ರ ಬೇರೆ ಬೇರೆ. ಗೆರಟೆ ಉರಿದ ಜಾಗದಲ್ಲಿ ಒಂದು ಚಿಟಿಕೆ, ಸಿಪ್ಪೆ ಉರಿದಲ್ಲಿ ರಾಶಿ.

ಬೂದಿಯ ವಿಷಯದಲ್ಲಿ ಉಮಿಯನ್ನು ಮೀರಿಸಿದ್ದಿಲ್ಲ. ನೂರು ಕಿಲೋ ಭತ್ತದಿಂದ ಸುಮಾರು 20 ಕಿಲೋ ಉಮಿ, ಅದನ್ನು ಸುಟ್ಟರೆ ಸುಮಾರು 4 ಕಿಲೋ ಬೂದಿ. ಕುಚ್ಚಲಕ್ಕಿ ಮಿಲ್ಲಿನ ಬಾಯ್ಲರಿನಿಂದ ಹೊರಬಿದ್ದ ಈ ಬೂದಿಯನ್ನು ಅಂಗೈಯಲ್ಲಿಟ್ಟು ನೋಡಬೇಕು: ಎಷ್ಟೋ ಕಡೆ ಉಮಿಯ ದೋಣಿಯಾಕಾರ ಹಾಗೇ ಉಳಿದಿರುತ್ತದೆ, ಬೆರಳು ತಾಗಿದರೆ ಪುಡಿ. ಅದರಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನದೇ ಜಾತಿ. ಹಿಂದಿನವರು ಉಮಿಕರಿಯಲ್ಲಿ ಹಲ್ಲುಜ್ಜಿದರೆ ಹಲ್ಲು ಫಳಫಳ ಎನ್ನುತ್ತಿದ್ದದ್ದು ಈ ಮರಳಿನ ತಿಕ್ಕಾಟದಿಂದಲೇ. ಹಲ್ಲಿನ ಮೇಲ್ಪದರ ಸವೆದದ್ದೂ ಅದರಿಂದಲೇ ಇರಬೇಕು!

ಶುದ್ಧ ಸಿಲಿಕಾ ಕರಗಲು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಮಾಮೂಲಿ ಕುಲುಮೆಗೆ ಅಷ್ಟು ಕಾವೆಲ್ಲಿ? ತೊಂದರೆ ಶುರುವಾಗುವುದು ಸೌದೆ, ಹುಲ್ಲಿನಲ್ಲಿರುವ ಪೊಟ್ಯಾಸಿಯಂ ಬಂದು ಸೇರಿದಾಗ. ಎರಡೂ ಕೂಡಿದರೆ 800 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಅಂಟುತ್ತವೆ. ಗಾಜು ಮಾಡುವವರು ಮರಳಿಗೆ ಸೋಡಾ ಬೆರೆಸುವುದೂ ಇದೇ ಲೆಕ್ಕದಲ್ಲಿ. ಕುಲುಮೆಯ ಜಾಲರಿಯ ಮೇಲೆ ಹೀಗೆ ಹೆಪ್ಪುಗಟ್ಟಿದ್ದೇ ಕಿಟ್ಟ, ಬಾಯ್ಲರಿನವರ ಮಾತಿನಲ್ಲಿ ಕ್ಲಿಂಕರ್. ಗಾಳಿ ಹೋಗುವ ಸಂದು ಕಟ್ಟಿದರೆ ಉರಿ ಮಂಕಾಗುತ್ತದೆ, ಸಲಾಕೆ ಹಿಡಿದು ಮೀಟಿ ತೆಗೆಯುವುದೇ ಒಂದು ಕೆಲಸ. ಇನ್ನೊಂದು ಪಾಲು ಪೊಟ್ಯಾಸಿಯಂ, ಕ್ಲೋರಿನ್ ಜೊತೆ ಆವಿಯಾಗಿ ಮೇಲೇರಿ ನೀರಿನ ಕೊಳವೆಗಳಿಗೆ ಮೆತ್ತಿಕೊಂಡು ಶಾಖ ತಡೆಯುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ. ಹುಲ್ಲು ಸುಟ್ಟು ವಿದ್ಯುತ್ ತೆಗೆಯುವ ಡೆನ್ಮಾರ್ಕಿನವರಿಗೆ ಈ ಕಾಟ ಚೆನ್ನಾಗಿ ಗೊತ್ತು. ಗದ್ದೆಯಲ್ಲೇ ಮಳೆಗೆ ನೆನೆದು ಒಣಗಿದ ಹುಲ್ಲು ಅಷ್ಟು ಕಾಡುವುದಿಲ್ಲ, ಏಕೆಂದರೆ ಪೊಟ್ಯಾಸಿಯಂ, ಕ್ಲೋರಿನ್ ಎರಡೂ ನೀರಿನಲ್ಲಿ ತೊಳೆದುಹೋಗಿರುತ್ತವೆ.

ಮೂಡುಬಿದಿರೆ ಸುತ್ತಲಿನ ಗೇರುಬೀಜ ಕಾರ್ಖಾನೆಗಳ ಕಥೆಯೇ ಬೇರೆ. ಗೇರು ಸಿಪ್ಪೆಯಲ್ಲಿ ಎಣ್ಣೆಯಿದೆ, ಚೆನ್ನಾಗಿ ಉರಿಯುತ್ತದೆ. ಗಾಳಿ ಸಾಲದಿದ್ದರೆ ಅಲ್ಲಿ ಬೂದಿಗಿಂತ ಮಸಿಯದೇ ರಗಳೆ.

ಕುಲುಮೆಗೆ ಕಂಟಕವಾದ ಈ ಪೊಟ್ಯಾಸಿಯಂ ಅಡಿಕೆ ಮರಕ್ಕೆ ಬೇಕೇ ಬೇಕು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐನ ಪ್ರಾದೇಶಿಕ ಕೇಂದ್ರವಿದೆ. ಅಡಿಕೆಗೆ ಆ ಸಂಸ್ಥೆಯ ಶಿಫಾರಸು ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್. ಎಲ್ಲಕ್ಕಿಂತ ಹೆಚ್ಚು ಬೇಕಾದದ್ದೇ ಪೊಟ್ಯಾಶ್. ಆ ಹೆಸರು ಹುಟ್ಟಿದ್ದೂ ಬೂದಿ ನೀರನ್ನು ಮಡಕೆಯಲ್ಲಿ ಕಾಯಿಸಿ ಉಪ್ಪು ತೆಗೆಯುತ್ತಿದ್ದ ಕಾಲದಲ್ಲಿ. ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1807ರಲ್ಲಿ ಪೊಟ್ಯಾಸಿಯಂ ಬೇರ್ಪಡಿಸಿದ್ದು ಅಂಥ ಪೊಟ್ಯಾಶಿನಿಂದಲೇ.

ಬಾಯ್ಲರಿನ ಕಿಟ್ಟವನ್ನು ತೋಟಕ್ಕೆ ಸುರಿದರೆ ಫಲ ಕಡಿಮೆ, ಪೊಟ್ಯಾಶ್ ಗಾಜಿನೊಳಗೆ ಸೆರೆಯಾಗಿರುತ್ತದೆ. ಬಚ್ಚಲೊಲೆಯ ಮಂದ ಉರಿಯ ಬೂದಿಯೇ ಲೇಸು, ಹುಳಿ ಮಣ್ಣಿಗೂ ಅದು ಒಳ್ಳೆಯದು. ಆದರೆ ಅದನ್ನು ಅಂಗಳದ ಮೂಲೆಯಲ್ಲಿ ಬಿಟ್ಟರೆ ಕರಾವಳಿಯ ಮಳೆಗೆ ಸಾರವೆಲ್ಲ ತೋಡಿನ ಪಾಲು, ಹಟ್ಟಿಗೊಬ್ಬರದ ಗುಂಡಿಗೆ ಸುರಿದರೆ ಗೊಬ್ಬರದ ಸಾರಜನಕ ಅಮೋನಿಯವಾಗಿ ಹಾರುತ್ತದೆ. ಬೂದಿ ಬಿದ್ದ ಗುಂಡಿಯ ಬಳಿ ಮೂಗಿಗೆ ಬಡಿಯುವ ಘಾಟು ಅದೇ.