ಮಾತಾಡದ ಕಾವಲುಗಾರ

2003ನೆಯ ಇಸವಿಯ ಆಗಸ್ಟ್ 14. ಮಧ್ಯಾಹ್ನ 2 ಗಂಟೆ 14 ನಿಮಿಷದ ವೇಳೆಗೆ ಅಮೆರಿಕದ ಓಹಯೋ ಸಂಸ್ಥಾನದ ಒಂದು ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ, ಅಪಾಯವನ್ನು ಸಾರಬೇಕಾದ ಗಣಕಯಂತ್ರದ ವ್ಯವಸ್ಥೆಯೇ ಸದ್ದಿಲ್ಲದೆ ಸ್ತಬ್ಧವಾಯಿತು. ಮುಂದೆ ವಿದ್ಯುತ್ ತಂತಿಗಳು ಮರಗಳಿಗೆ ತಗುಲಿ ಒಂದರ ಹಿಂದೊಂದು ಕೈಕೊಟ್ಟವು. ಎಚ್ಚರಿಕೆ ಬಾರದ್ದರಿಂದ ಸಿಬ್ಬಂದಿ ಎಲ್ಲವೂ ಕ್ಷೇಮವೆಂದೇ ಬಗೆದರು. ಸಂಜೆ 4 ಗಂಟೆ 13 ನಿಮಿಷದ ಹೊತ್ತಿಗೆ ಅಮೆರಿಕ, ಕೆನಡಾಗಳ ಸುಮಾರು 5 ಕೋಟಿ ಜನರ ಮನೆಗಳಲ್ಲಿ ದೀಪವಾರಿತ್ತು!

ಇದೇ ಕಥೆ ಸಣ್ಣ ಪ್ರಮಾಣದಲ್ಲಿ ಯಾವ ಕಚೇರಿಯಲ್ಲಾದರೂ ನಡೆಯಬಹುದು. ಗಣಕಯಂತ್ರವು ತನ್ನ ಆಗುಹೋಗುಗಳನ್ನೆಲ್ಲ ಬರೆದಿಡುವ ದಿನಚರಿಗೆ 'ಲಾಗ್' ಎಂದು ಹೆಸರು. ಸಾವಿರಾರು ಸಾಲುಗಳ ಈ ದಿನಚರಿಯನ್ನು ಓದುತ್ತ ಕುಳಿತಿರಲು ಮನುಷ್ಯನಿಂದಾದೀತೇ? ಆದುದರಿಂದ 'ಎರರ್' ಎಂಬ ಪದ ಕಂಡೊಡನೆ ಸುದ್ದಿ ಮುಟ್ಟಿಸಲು 'ಸ್ಕ್ರಿಪ್ಟ್' ಎಂಬ ಕಿರು ಕಾವಲುಗಾರನನ್ನು ನೇಮಿಸುವುದು ವಾಡಿಕೆ.

ಈ ಕಾವಲುಗಾರನೇ ಮೂಕನಾದರೆ? ಕಾರಣಗಳು ಬಹುಮಟ್ಟಿಗೆ ಮೂರು. ದಿನಚರಿ ತುಂಬಿದಾಗ ಯಂತ್ರವು ಹಳೆಯ ಪುಸ್ತಕಕ್ಕೆ ಬೇರೆ ಹೆಸರಿಟ್ಟು ಬದಿಗಿರಿಸಿ, ಹೊಸದನ್ನು ತೆರೆಯುತ್ತದೆ. ಲಿನಕ್ಸ್ ಯಂತ್ರಗಳಲ್ಲಿ 'ಟೈಲ್' ಆಜ್ಞೆಗೆ ಚಿಕ್ಕ 'ಎಫ್' ಅಕ್ಷರವನ್ನು ಸೇರಿಸಿದ್ದರೆ, ಅದು ಹಳೆಯ ಪುಸ್ತಕವನ್ನೇ ಹಿಡಿದು ಕುಳಿತಿರುತ್ತದೆ. ದವಸವನ್ನು ಸಾಗಿಸಿದ ಮೇಲೂ ಬರಿದಾದ ಕಣಜವನ್ನು ಕಾಯುವ ಆಳಿನಂತೆ. ದೊಡ್ಡ 'ಎಫ್' ಸೇರಿಸಿದರೆ ಅದು ಹೆಸರನ್ನು ಅನುಸರಿಸಿ ಹೊಸ ಪುಸ್ತಕಕ್ಕೆ ಬರುತ್ತದೆ. ಎರಡನೆಯದು ವಿಳಂಬ: ಪದವನ್ನು ಹುಡುಕುವ 'ಗ್ರೆಪ್' ಆಜ್ಞೆಯು, ಸಿಕ್ಕಿದ್ದನ್ನು ಇನ್ನೊಂದು ಆಜ್ಞೆಗೆ ಒಪ್ಪಿಸುವಾಗ, ಸಾಕಷ್ಟು ಅಕ್ಷರಗಳು ಸೇರುವವರೆಗೂ ಕೂಡಿಟ್ಟುಕೊಂಡಿರುತ್ತದೆ. ಸಾಲುಸಾಲಾಗಿ ಒಪ್ಪಿಸೆಂದು ಅದಕ್ಕೆ ವಿಧಿಸಬೇಕು. ಮೂರನೆಯದು ಅಕ್ಷರಭೇದ: ಇಂಗ್ಲಿಷಿನ ದೊಡ್ಡಕ್ಷರದ 'ಎರರ್' ಬೇರೆ, ಚಿಕ್ಕಕ್ಷರದ್ದು ಬೇರೆ ಎಂದೇ ಯಂತ್ರದ ನಂಬಿಕೆ. ಈ ಭೇದವನ್ನೆಣಿಸಬೇಡವೆಂದು ಹೇಳದಿದ್ದರೆ ತಪ್ಪುಗಳು ಕಣ್ಣೆದುರೇ ನುಸುಳುತ್ತವೆ.

ಇಷ್ಟನ್ನು ತಿದ್ದಿದರೆ ಸಾಲದು. ಬೇಕೆಂದೇ ಒಂದು ಹುಸಿ ತಪ್ಪನ್ನು ದಿನಚರಿಯಲ್ಲಿ ಬರೆಸಿ, ಸುದ್ದಿ ತಲುಪುವುದೋ ಇಲ್ಲವೋ ಪರೀಕ್ಷಿಸಬೇಕು. ದಿನಚರಿ ಹೊಸದಾದ ಬಳಿಕ ಇದನ್ನು ಮತ್ತೊಮ್ಮೆ ಮಾಡಬೇಕು. ಅಲ್ಲದೆ, 'ಎಚ್ಚರವಾಗಿದ್ದೇನೆ' ಎಂದು ಗೊತ್ತಾದ ಹೊತ್ತಿಗೊಮ್ಮೆ ಕೂಗುವ ಕರ್ತವ್ಯವನ್ನು ಕಾವಲುಗಾರನಿಗೆ ವಹಿಸಿ, ಆ ಕೂಗು ನಿಂತರೆ ಗಂಟೆ ಬಾರಿಸುವ ಕೆಲಸವನ್ನು ಬೇರೊಂದು ಯಂತ್ರಕ್ಕೆ ಒಪ್ಪಿಸಬೇಕು. ರಾತ್ರಿಯ ಗಸ್ತಿನವನು ಕೋಲು ಕುಟ್ಟುತ್ತ ಬೀದಿ ಸುತ್ತುವುದು ಕಳ್ಳನನ್ನು ಬೆದರಿಸಲು ಮಾತ್ರವಲ್ಲ, ತಾನು ನಿದ್ರಿಸಿಲ್ಲವೆಂದು ಮನೆಯವರಿಗೆ ತಿಳಿಸಲೂ ಹೌದು.