ಹೆರಿಗೆಯ ನಂತರದ ರಕ್ತಸ್ರಾವ: ಮೊದಲ ತಾಸಿನ ಎಚ್ಚರ



ತಾಯಂದಿರ ಸಾವಿಗೆ ದೊಡ್ಡ ಕಾರಣ ಹೆರಿಗೆಯಾದ ಮೇಲಿನ ಅತಿ ರಕ್ತಸ್ರಾವ. ಮಗು ಹುಟ್ಟಿದ ಮೇಲೆ ಗರ್ಭಕೋಶ ಗಟ್ಟಿಯಾಗಿ ಕುಗ್ಗದಿದ್ದರೆ ರಕ್ತ ನಿಲ್ಲದು. ‘ಕೆಟ್ಟ ರಕ್ತ, ಹೋಗಲಿ ಬಿಡು’ ಎನ್ನಬಾರದು. ಅರ್ಧ ಲೀಟರ್ ದಾಟಿದರೆ ಅಪಾಯ.

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು 1620 ಬಾಣಂತಿಯರಲ್ಲಿ ಪರೀಕ್ಷೆ ನಡೆಸಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ರಕ್ತವನ್ನು ಕಣ್ಣಂದಾಜಿನಿಂದಲ್ಲ, ಗುರುತು ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಅಳೆದರು. ಹೆರಿಗೆಯಾದ ಕೂಡಲೇ ದಾದಿಯರಿಂದ ಮಿಸೊಪ್ರೊಸ್ಟಾಲ್ ಗುಳಿಗೆ ಪಡೆದವರಲ್ಲಿ ನೂರಕ್ಕೆ 6.4 ಮಂದಿಗೆ, ಪಡೆಯದವರಲ್ಲಿ 12 ಮಂದಿಗೆ ಅತಿ ರಕ್ತಸ್ರಾವವಾಯಿತು. ಹೆರಿಗೆಗೆ ಮುಂಚೆ ಕೊಟ್ಟರೆ ಇದೇ ಗುಳಿಗೆ ಅಪಾಯಕಾರಿ. ನೀವಾಗಿಯೇ ತಂದು ಕೊಡಬೇಡಿರಿ. ದವಾಖಾನೆಯಲ್ಲಿ ಇದಕ್ಕೆಂದೇ ಆಕ್ಸಿಟೋಸಿನ್ ಚುಚ್ಚುಮದ್ದು ಇದೆ.

ನೀವು ಮಾಡಬೇಕಾದದ್ದು:

1. ಎಂಟನೆಯ ತಿಂಗಳಲ್ಲೇ ದವಾಖಾನೆ, ವಾಹನ ಗೊತ್ತು ಮಾಡಿರಿ. ರಕ್ತದ ಗುಂಪು ತಿಳಿದಿರಿ.

2. ಕೂಸನ್ನು ಒರೆಸಿ, ಬೆಚ್ಚಗೆ ಸುತ್ತಿ, ತಾಸಿನೊಳಗೆ ತಾಯಿಯ ಹಾಲು ಕುಡಿಸಿರಿ. ಇದರಿಂದ ಗರ್ಭಕೋಶವೂ ಕುಗ್ಗುತ್ತದೆ.

3. ಬಟ್ಟೆ ಮೇಲಿಂದ ಮೇಲೆ ತೊಯ್ದರೆ, ಬಾಣಂತಿಗೆ ತಲೆ ತಿರುಗಿದರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಿರಿ.

ಹಂಗಾಮಿನಲ್ಲಿ ನಿಮ್ಮ ಹೊಲಕ್ಕೆ ಬರುವ ಕಬ್ಬು ಕಡಿಯುವ ಗ್ಯಾಂಗಿನಲ್ಲೂ ಬಸುರಿಯರಿರುತ್ತಾರೆ. ಅವರಿಗೆ ಇಲ್ಲಿಯ ದವಾಖಾನೆ ಗೊತ್ತಿರುವುದಿಲ್ಲ. ದುಧನಿಯಿಂದ ಅಕ್ಕಲಕೋಟೆಗೆ ದಾರಿ ತೋರಿಸುವ ಹೊಣೆ ಹೊಲದ ಒಡೆಯರಾದ ನಿಮ್ಮದೇ.