ಶುದ್ಧಿಯ ಆರಂಭ ಗೋದಲಿಯಲ್ಲಿ

ಹಾಲು ಮತ್ತು ಚೀಸಿಗೆ ಲೋಕಪ್ರಸಿದ್ಧವಾದ ನೆದರ್ಲೆಂಡ್ಸ್ ದೇಶವನ್ನು ಹಸುವಿನ ಗಂಜಲವು ಚಿಂತೆಗೀಡುಮಾಡಿದೆಯೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಸಂರಕ್ಷಿತ ನಿಸರ್ಗತಾಣಗಳ ಮೇಲೆ ಬೀಳುವ ಸಾರಜನಕವನ್ನು ಮುಂದೆ ತಗ್ಗಿಸುವೆವೆಂಬ ಭರವಸೆಯನ್ನೇ ನಂಬಿ ಹೊಸ ಯೋಜನೆಗಳಿಗೆ ಅನುಮತಿ ನೀಡುವುದು ಸಲ್ಲದೆಂದು ಅಲ್ಲಿಯ ಉನ್ನತ ಆಡಳಿತ ನ್ಯಾಯಪೀಠವು 2019ರ ಮೇ 29ರಂದು ತೀರ್ಪಿತ್ತಿತು. ಅನೇಕ ನಿರ್ಮಾಣಕಾರ್ಯಗಳು ಸ್ಥಗಿತಗೊಂಡವು. ಹಸುಗಳ ಸಂಖ್ಯೆ ತಗ್ಗಬೇಕೆಂಬ ಮಾತೂ ಎದ್ದಿತು. ಅಕ್ಟೋಬರ್ ತಿಂಗಳಲ್ಲಿ ರೈತರು ಟ್ರ್ಯಾಕ್ಟರುಗಳೊಡನೆ ಹೇಗ್ ನಗರಕ್ಕೆ ಸಾಗಿದರು. ಒಂದೆಡೆ ನೆಲ-ಜಲಗಳ ರಕ್ಷಣೆ, ಇನ್ನೊಂದೆಡೆ ತಲೆಮಾರುಗಳಿಂದ ಬಂದ ಕಾಯಕ, ಎರಡೂ ಅಲಕ್ಷಿಸತಕ್ಕವಲ್ಲ.

ಇದರಲ್ಲಿ ದೋಷ ಹಸುವಿನದಲ್ಲ. ಮೇವಿನ ಪ್ರೋಟೀನಿನಲ್ಲಿ ಸಾರಜನಕವಿದೆ. ಹಸುವು ತಿಂದ ಸಾರಜನಕದ ಸುಮಾರು ಕಾಲು ಭಾಗ ಮಾತ್ರ ಹಾಲಿಗೆ ಸೇರುತ್ತದೆ. ಉಳಿದುದರಲ್ಲಿ ಬಹುಪಾಲು ಸಗಣಿ-ಗಂಜಲಗಳಲ್ಲಿ ಹೊರಬೀಳುತ್ತದೆ. ಅಗತ್ಯಕ್ಕೆ ಮೀರಿ ಉಣಿಸಿದ ಪ್ರೋಟೀನು ಯೂರಿಯಾ ಆಗಿ ಗಂಜಲಕ್ಕಿಳಿಯುತ್ತದೆ. ಗಂಜಲವು ಸಗಣಿಯೊಡನೆ ಬೆರೆತಾಗ, ಸಗಣಿಯಲ್ಲಿರುವ ಕಿಣ್ವವು ಆ ಯೂರಿಯಾವನ್ನು ಅಮೋನಿಯವಾಗಿ ಮಾರ್ಪಡಿಸುತ್ತದೆ. ಕೊಟ್ಟಿಗೆಯಲ್ಲಿ ಮೂಗಿಗೆ ಅಡರುವ ಘಾಟು ಅದೇ. ಗಾಳಿಗೇರಿದ ಅಮೋನಿಯ ಮರಳಿ ನೆಲಕ್ಕಿಳಿದಾಗ, ಸತ್ವ ಕಡಿಮೆಯಿರುವ ಮಣ್ಣಿನಲ್ಲಿ ಬೆಳೆಯುವ ಅಪರೂಪದ ಸಸ್ಯಗಳನ್ನು ಹುಲ್ಲು ಆಕ್ರಮಿಸುತ್ತದೆ. ಬೆಳೆಯು ಹೀರದೆ ಉಳಿದುದು ನೈಟ್ರೇಟ್ ಆಗಿ ಅಂತರ್ಜಲವನ್ನು ಸೇರುತ್ತದೆ.

ಪರಿಹಾರಗಳು ಹಲವು. ಐರೋಪ್ಯ ಒಕ್ಕೂಟದ ದೇಶಗಳಿಗೆ ಅನ್ವಯಿಸುವ 1991ರ ನೈಟ್ರೇಟ್ ನಿಯಮವು, ಮಾಲಿನ್ಯಕ್ಕೊಳಗಾಗುವ ಪ್ರದೇಶಗಳಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಕೊಟ್ಟಿಗೆ ಗೊಬ್ಬರದಿಂದ 170 ಕಿಲೋಗ್ರಾಂ ಸಾರಜನಕವೆಂಬ ಮಿತಿಯನ್ನು ವಿಧಿಸಿತು. ಡಚ್ ರೈತರು ಸಗಣಿನೀರನ್ನು ಮೇಲೆ ಎರಚದೆ ಮಣ್ಣಿನೊಳಕ್ಕೆ ಇಳಿಸುತ್ತಾರೆ. ಗಂಜಲವು ಬೇಗನೆ ಹರಿದುಹೋಗುವ ನೆಲಹಾಸುಗಳನ್ನೂ ಹಾಕಿದರು. ಆದರೆ ಆ ದುಬಾರಿ ಸಾಧನಗಳು ನಿರೀಕ್ಷಿತ ಫಲವನ್ನು ಎಲ್ಲೆಡೆಯೂ ನೀಡಲಿಲ್ಲ. ಹಸುವನ್ನು ಬಯಲಿನಲ್ಲಿ ಮೇಯಿಸಿದರೆ ಗಂಜಲವು ಸಗಣಿಯೊಡನೆ ಬೆರೆಯುವ ಮುನ್ನವೇ ಮಣ್ಣಿಗಿಂಗಿ ಅಮೋನಿಯ ತಗ್ಗುತ್ತದೆ. ಆದರೆ ಒಂದೇ ಕಡೆ ಬಿದ್ದ ಗಂಜಲದಿಂದ ನೈಟ್ರೇಟ್ ಸೋರುವ ಭಯವೂ ಉಂಟು.

ಆದ್ದರಿಂದ ಎಲ್ಲಕ್ಕಿಂತ ಮೂಲವಾದುದು ಮೇವಿನ ಮಿತಿಯೆಂದು ನಾವು ಭಾವಿಸುತ್ತೇವೆ. ಹಾಲಿನಲ್ಲಿರುವ ಯೂರಿಯಾವನ್ನು ಅಳೆದರೆ ಪ್ರೋಟೀನು ಹೆಚ್ಚಾಯಿತೋ ಇಲ್ಲವೋ ಎಂಬುದು ತಿಳಿಯುತ್ತದೆ. ಕೊರತೆಯಾದರೆ ಹಾಲೂ ಆರೋಗ್ಯವೂ ಕುಗ್ಗುತ್ತವೆ. ಅತಿಯಾದರೆ ರೈತನ ಹಣವೇ ಗಾಳಿಯಾಗಿ ಹೋಗುತ್ತದೆ. ಬಂದ ಮೇಲೆ ಕಳೆಯುವುದಕ್ಕಿಂತ ಬಾರದಂತೆ ತಡೆಯುವುದು ಲೇಸು.

ಹಸು ಸಾಕಿರುವ ನಮ್ಮ ಮನೆತನಗಳಿಗೂ ಈ ವಿಚಾರ ಪ್ರಸ್ತುತ. ಹಿಂಡಿಯನ್ನು ಹಾಲಿನ ಪ್ರಮಾಣಕ್ಕೆ ತಕ್ಕಂತೆ ಪಶುವೈದ್ಯರನ್ನು ಕೇಳಿ ಹಾಕುವುದು, ಗಂಜಲಕ್ಕೆ ಬೇರೆ ಕಾಲುವೆ ಮಾಡುವುದು, ತಿಪ್ಪೆಯನ್ನು ಬಾವಿಯಿಂದ ದೂರವಿರಿಸಿ ಮಳೆಗೆ ನೆನೆಯದಂತೆ ಮುಚ್ಚುವುದು, ಇವು ಯಾರಿಗೂ ಅಸಾಧ್ಯವಲ್ಲ. ಹಾಲನ್ನು ಅಳೆಯುವ ಮನೆಯು ಮೇವನ್ನೂ ಅಳೆಯುವುದು ಯುಕ್ತ.